ಚೆಕ್ಕುಬಂದಿಯಲ್ಲಿ ಸಿಕ್ಕಿದ ನೆರೆಕರೆ

ಲಂಡನ್ನಿನಂಥ ನಗರದ ಬೀದಿಯೊಂದರಲ್ಲಿ ನೂರು ವರ್ಷದ ಹಿಂದೆ ಯಾರಿದ್ದರೆಂದು ತಿಳಿಯಬೇಕಾದರೆ ಹಳೆಯ ಡೈರೆಕ್ಟರಿ ತೆರೆದರಾಯಿತು. ಬೀದಿ, ಮನೆಯ ನಂಬರು, ಹೆಸರು ಸಾಲಾಗಿ ಸಿಗುತ್ತವೆ. ಆ ಹುರುಪಿನಲ್ಲೇ ನಾನು ಪುತ್ತೂರು ಸೀಮೆಯಲ್ಲಿ ಅಜ್ಜಿಯ ತವರಿನ ನೆರೆಕರೆಯನ್ನು ಹುಡುಕಹೊರಟೆ. ಮೊದಲ ಹೆಜ್ಜೆಗೇ ಮುಗ್ಗರಿಸಿದೆ: ಮದರಾಸು ಕಾಲದ ಹಳೆಯ ದಫ್ತರಗಳಲ್ಲಿ ಪುತ್ತೂರು ತಾಲೂಕೇ ಇಲ್ಲ! ಕಚೇರಿ ಪುತ್ತೂರಿನಲ್ಲಿದ್ದರೂ ತಾಲೂಕಿನ ಹೆಸರು ಉಪ್ಪಿನಂಗಡಿ. ಇಂದು ತಾವೇ ತಾಲೂಕುಗಳಾಗಿರುವ ಸುಳ್ಯ, ಕಡಬಗಳೂ ಅದರ ಮಡಿಲಲ್ಲೇ ಇದ್ದವು.

ಸರ್ವೆ ಇಲಾಖೆಯ ಇಂಚಿಗೊಂದು ಮೈಲಿಯ ನಕಾಶೆ ತಂದೆ. ಗುಡ್ಡ, ಹೊಳೆ, ಮಾರ್ಗ ಎಲ್ಲ ಉಂಟು. ಬೀದಿ ಮಾತ್ರ ಇಲ್ಲ. ಇರುವುದಾದರೂ ಹೇಗೆ? ಪೇಟೆಯನ್ನೂ ರಥಬೀದಿಯನ್ನೂ ಬಿಟ್ಟರೆ ನಮ್ಮಲ್ಲಿ ಬೀದಿಯೇ ಇಲ್ಲವಲ್ಲ. ಬೈಲಿಗೊಂದು, ತೋಟದ ತಲೆಗೊಂದು ಮನೆ. ಆ ಜಾಗದ ಹೆಸರೇ ಮನೆಯವರಿಗೂ. 1834ರಲ್ಲಿ ಕೊಡಗಿನ ಅರಸೊತ್ತಿಗೆ ಅಳಿದ ಮೇಲೆ ಭತ್ತದಲ್ಲಿ ಸಲ್ಲುತ್ತಿದ್ದ ತೀರ್ವೆಯನ್ನು ಕುಂಪಣಿಯವರು ನಾಣ್ಯದಲ್ಲಿ ಕೇಳಿದರು. 1837ರಲ್ಲಿ ಅಮರ ಸುಳ್ಯದ ರೈತರು ಎದ್ದು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೆ ನಡೆದರು. ಅವರ ನಾಯಕ ರಾಮಯ್ಯ ಗೌಡರನ್ನು 'ಕೆದಂಬಾಡಿ' ಎನ್ನದೆ ಇಂದಿಗೂ ಯಾರೂ ಹೇಳರು.

ಕೊನೆಗೆ ದಾರಿ ತೋರಿದ್ದು ಆ ಊರಿನ ಹಳೆಮನೆಯೊಂದರ ಅಟ್ಟದಲ್ಲಿದ್ದ ದಸ್ತಾವೇಜು. ಅದರ ಚೆಕ್ಕುಬಂದಿ ನೋಡಿ: ಮೂಡಲು ತೋಡು, ತೆಂಕಲು ಇಂಥವರ ವರ್ಗಸ್ಥಳ, ಪಡುವಲು ಕಾಲುದಾರಿ, ಬಡಗಲು ಇಂಥವರ ಕಂಗಿನ ತೋಟ. ಇದಕ್ಕಿಂತ ಒಳ್ಳೆಯ ಡೈರೆಕ್ಟರಿ ಬೇಕೆ? ನಾಲ್ಕು ದಸ್ತಾವೇಜುಗಳ ಅಂಚಿಗೆ ಅಂಚು ಕೂಡಿಸಿದಾಗ, ನಕಾಶೆಯಲ್ಲಿಲ್ಲದ ಆ ಕಾಲುದಾರಿ ಹೊಳೆಯ ಕಡವಿನವರೆಗೆ ಬಿಚ್ಚಿಕೊಂಡಿತು. ನಡುವೆ ಒಬ್ಬರ ಮೂಡಲು ಇನ್ನೊಬ್ಬರ ಪಡುವಲಿಗೆ ಕೂಡದೆ ಮೂರು ದಿನ ತಲೆ ಕೆಡಿಸಿಕೊಂಡದ್ದುಂಟು. ಬರೆದಾತ ಸೂರ್ಯ ಕಾಣದ ಆಟಿ ತಿಂಗಳಲ್ಲಿ ಬರೆದಿರಬೇಕು!

ಆದರೆ ಅಜ್ಜಿಯ ತವರು ಎಲ್ಲಿ? ದಸ್ತಾವೇಜಿನಲ್ಲೂ ಸರಕಾರದ ಲೆಕ್ಕದಲ್ಲೂ ಇರುವುದು ವರ್ಗದಾರರ ಹೆಸರು. ಗದ್ದೆ ಉತ್ತು ಅದರ ಬದಿಯಲ್ಲೇ ಮುಳಿಹುಲ್ಲಿನ ಮಾಡು ಕಟ್ಟಿದ್ದ ಚಾಲಗೇಣಿ ಒಕ್ಕಲಿನ ಹೆಸರನ್ನು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ತೀರ್ವೆ ಕಟ್ಟುವವನನ್ನು ಬರೆದರು, ಗೇಣಿ ಅಳೆಯುವವನನ್ನು ಬಿಟ್ಟರು. ಆ ಮನೆ ಕಾಗದದ ಮೇಲೆ ನನಗೆ ಮೊದಲು ಕಂಡದ್ದು 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಗೆ ಸಲ್ಲಿಸಿದ 7ನೆಯ ನಮೂನೆಯ ಅರ್ಜಿಯಲ್ಲಿ. ಅರ್ಜಿದಾರ ಅಜ್ಜಿಯ ತಮ್ಮ. ರುಜುವಿನ ಜಾಗದಲ್ಲಿ ಹೆಬ್ಬೆಟ್ಟು.

ಅದರ ಸರ್ವೆ ನಂಬರು ಹಿಡಿದು ನೋಡಿದೆ. ತೋಡಿನ ಈಚೆ, ಕಾಲುದಾರಿ ತಿರುಗುವಲ್ಲಿ ಜಾಗ ಸಿಕ್ಕಿತು. ನಕಾಶೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆಯಿಟ್ಟು ಮನೆಯ ಹೆಸರು ಬರೆದಿದ್ದೇನೆ.