ಕುರಿಗಳಿಗೆ ಬಿಟ್ಟ ದಾರಿ

ಸ್ಪೇನಿನ ಸೆಗೋವಿಯಾ ಪಟ್ಟಣದಿಂದ ಈಶಾನ್ಯಕ್ಕೆ, ಗ್ವಾದರ್ರಾಮಾ ಬೆಟ್ಟಸಾಲಿನ ಬುಡ ಹಿಡಿದು ಹೋಗುವ ಒಂದು ಹಳೆಯ ದಾರಿ ಇದೆ. ಬೆಳಗಿನ ಹೊತ್ತು ಅಲ್ಲಿ ಓಡುವವರು ಸಿಗುತ್ತಾರೆ. ಡಾಂಬರಿಲ್ಲ. ಹುಲ್ಲು, ನಡುವೆ ಒಂದೆರಡು ಕಾಲುಜಾಡು, ಅಂಚಿನಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗಿಡ್ಡ ಗೋಡೆ, ಅಷ್ಟೆ. ಹೊಸದಾಗಿ ಓಡಲು ಬಂದವನಿಗೆ ಮೊದಲು ವಿಚಿತ್ರವೆನಿಸುವುದು ಅದರ ಅಗಲ. ಒತ್ತುವರಿಯಾಗದೆ ಉಳಿದಿರುವ ಕಡೆ ಆ ಅಂಚಿನಿಂದ ಈ ಅಂಚಿಗೆ 75 ಮೀಟರು! ಎರಡು ಅಂಚಿನಲ್ಲಿ ಇಬ್ಬರು ಓಡುತ್ತಿದ್ದರೆ ಕೂಗಿಯೇ ಮಾತಾಡಬೇಕು. ಹಳ್ಳಿಗಾಡಿನಲ್ಲಿ ಇಷ್ಟು ದೊಡ್ಡ ದಾರಿ ಯಾರಿಗೆ ಬೇಕಾಗಿತ್ತು? ರಾಜನ ಮೆರವಣಿಗೆಗೂ ಅಲ್ಲ, ದಂಡಿಗೂ ಅಲ್ಲ. ಕುರಿಗಳಿಗೆ.

ಇದಕ್ಕೆ ಸ್ಪ್ಯಾನಿಷರು ಇಟ್ಟ ಹೆಸರು ‘ಕಾನ್ಯಾದಾ ರೆಯಾಲ್’, ಅಂದರೆ ರಾಜಾಜ್ಞೆಯ ರಕ್ಷಣೆಯಿದ್ದ ಕುರಿದಾರಿ. ಅಗಲ 90 ವಾರಾ ಎಂದು ಹಳೆಯ ಕಟ್ಟಳೆ. ವಾರಾ ಎಂದರೆ ನಮ್ಮ ಗಜಕ್ಕಿಂತ ತುಸು ಚಿಕ್ಕ ಅಳತೆ. ಲೆಕ್ಕ ಹಾಕಿದರೆ 75.22 ಮೀಟರು ಬರುತ್ತದೆ. ಇದರ ಅರ್ಧ ಅಗಲದ್ದು ‘ಕೊರ್ದೆಲ್’, ಇನ್ನೂ ಕಿರಿದಾದದ್ದು ‘ಬೆರೇದಾ’. ಎಲ್ಲ ಸೇರಿಸಿದರೆ ಸ್ಪೇನಿನ ಉದ್ದಗಲಕ್ಕೆ ಸುಮಾರು 1,25,000 ಕಿಲೋಮೀಟರು, ದೇಶದ ನೆಲದ ನೂರರಲ್ಲಿ ಒಂದು ಪಾಲು. ರೈಲು ಹಳಿಗಿಂತ ಎಷ್ಟೋ ಪಟ್ಟು ಹೆಚ್ಚು.

ಕಾರಣ ಸರಳ. ಉತ್ತರದ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಹಿಮ ಕೂರುತ್ತದೆ, ಮೇವಿಲ್ಲ. ದಕ್ಷಿಣದ ಎಸ್ತ್ರೆಮದೂರಾ ಬಯಲಿನಲ್ಲಿ ಬೇಸಗೆಗೆ ಹುಲ್ಲು ಸುಟ್ಟುಹೋಗುತ್ತದೆ. ಆದ್ದರಿಂದ ಮಂದೆ ವರ್ಷಕ್ಕೆ ಎರಡು ಸಲ ದೇಶದ ಅರ್ಧವನ್ನು ನಡೆಯಬೇಕು. ಸಾವಿರ ಕುರಿಯ ಒಂದು ಹಿಂಡು, ಐದು ಜನ ಕುರಿಗಾಹಿಗಳು, ತೋಳ ಕುತ್ತಿಗೆಗೆ ಬಾಯಿ ಹಾಕದಂತೆ ಮುಳ್ಳಿನ ಪಟ್ಟಿ ಕಟ್ಟಿಕೊಂಡ ದೊಡ್ಡ ನಾಯಿಗಳು. ದಿನಕ್ಕೆ ಸುಮಾರು 20 ಕಿಲೋಮೀಟರು. ಇವತ್ತಿನ ಓಟಗಾರ ಬೆಳಗಿನ ಎರಡು ಗಂಟೆಯಲ್ಲಿ ಮುಗಿಸುವ ದೂರ ಅವರಿಗೆ ಇಡೀ ಹಗಲಿನ ಕೆಲಸವಾಗಿತ್ತು. ಮೇಯುತ್ತ ಹೋಗಬೇಕಲ್ಲ! ಅಗಲ ಬೇಕಾದದ್ದು ಅದಕ್ಕೇ. ದಾರಿಯೇ ಅವುಗಳ ಊಟದ ಎಲೆ.

1273ರಲ್ಲಿ ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫೋನ್ಸೊ ಕುರಿ ಸಾಕುವವರ ಕೂಟಕ್ಕೆ ಸನದು ಕೊಟ್ಟ. ಅದೇ ಮೆಸ್ತಾ. ಮಂದೆಗಳು ಎಲ್ಲೆಲ್ಲಿ ಬೇಕಾದರೂ ಹಾಯಬಹುದು, ಐದು ಜಾಗಗಳನ್ನು ಬಿಟ್ಟು: ಪೈರಿನ ಹೊಲ, ದ್ರಾಕ್ಷಿ ತೋಟ, ಕಾಯಿಪಲ್ಲೆ ಹಣ್ಣುಗಳ ತೋಟ, ಕುಯ್ಲಿಗೆ ಬಿಟ್ಟ ಹುಲ್ಲುಗಾವಲು, ಊರ ಎತ್ತುಗಳಿಗೆ ಮೀಸಲಾದ ಗೋಮಾಳ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಕಾಲದಲ್ಲಿ ಕಟ್ಟಳೆಗಿಂತ ಮುಖ್ಯವಾದದ್ದು ಅದನ್ನು ಜಾರಿ ಮಾಡುವವನು ಯಾರು ಎಂಬುದು. ದಾರಿಯ ಗಡಿ ಅಳೆಯಲು, ಒತ್ತಿದವರಿಗೆ ದಂಡ ಹಾಕಲು ಮೆಸ್ತಾದ ಪರವಾಗಿ ಊರೂರು ತಿರುಗುವ ನ್ಯಾಯಾಧಿಕಾರಿಗಳಿದ್ದರು. ಅವರು ಬರುತ್ತಾರೆಂದರೆ ಹಳ್ಳಿಯ ರೈತನ ಎದೆ ಡವಗುಟ್ಟುತ್ತಿತ್ತು. ಮೆಸ್ತಾದಲ್ಲಿ ನಾಲ್ಕಾರು ಕುರಿಯ ಬಡವರೂ ಇದ್ದರು, ನಿಜ. ದೊಡ್ಡ ಹಿಂಡುಗಳು ಮಾತ್ರ ಮಠಗಳವು, ಡ್ಯೂಕುಗಳವು, ಮಾರ್ಕ್ವಿಸ್‌ಗಳವು. ರಾಜನಿಗೆ ಉಣ್ಣೆಯಿಂದ ತೆರಿಗೆ ಬರುತ್ತಿತ್ತು. ರೈತನ ಗೋಧಿಯಿಂದ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. 1501ರಲ್ಲಿ ಇಸಬೆಲ್ಲಾ, ಫರ್ಡಿನಂಡ್ ದಂಪತಿಗಳ ಆಳ್ವಿಕೆಯಲ್ಲಿ ಇನ್ನೊಂದು ಕಾನೂನು ಬಂತು. ಯಾರೂ ತಕರಾರು ಮಾಡದ ಹುಲ್ಲುಗಾವಲಿನಲ್ಲಿ ಮಂದೆ ಮೇಯ್ದಿದ್ದರೆ ಅಲ್ಲಿ ಗೇಣಿಯ ಹಕ್ಕು ಮೆಸ್ತಾಕ್ಕೆ ಶಾಶ್ವತ! ಓದು ಬಾರದ ರೈತ ಎಲ್ಲಿ ಹೋಗಿ ತಕರಾರು ಮಾಡಬೇಕು? 16ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ದಾರಿಗಳಲ್ಲಿ ನಡೆದ ಕುರಿಗಳು ಸುಮಾರು 30 ಲಕ್ಷ.

ಸೆಗೋವಿಯಾದಿಂದ ಓಟ ಶುರುಮಾಡುವವರು ರೋಮನರು ಕಟ್ಟಿದ ಮೇಲ್ಗಾಲುವೆಯ ಕೆಳಗೆ ಸೇರುತ್ತಾರೆ. ಎರಡು ಸಾವಿರ ವರ್ಷಕ್ಕೆ ಹತ್ತಿರದ್ದು, 167 ಕಮಾನು, ಎತ್ತರವಾದ ಕಡೆ 28 ಮೀಟರು, ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಎಂಬುದಿಲ್ಲ. ಪ್ರವಾಸಿಗಳು ಅದನ್ನು ನೋಡಿ ಹಿಂತಿರುಗುತ್ತಾರೆ. ಆದರೆ ಊರು ದುಡ್ಡು ಕಂಡದ್ದು ನೀರಿನಿಂದಲ್ಲ, ಉಣ್ಣೆಯಿಂದ. ಇಲ್ಲಿಯ ಬಟ್ಟೆಗೆ ಹೆಸರಿತ್ತು. ಹೆಸರಿದ್ದರೂ ನೇಕಾರರಿಗೆ ಒಂದು ಸಂಕಟ: ಒಳ್ಳೆಯ ಉಣ್ಣೆಯೆಲ್ಲ ಫ್ಲಾಂಡರ್ಸಿಗೆ ಹಡಗು ಹತ್ತುತ್ತಿತ್ತು. ಮೂರರಲ್ಲಿ ಒಂದು ಪಾಲನ್ನಾದರೂ ಒಳನಾಡಿನ ಮಗ್ಗಗಳಿಗೆ ಬಿಡಬೇಕೆಂದು 1462ರಲ್ಲೇ ಕಾನೂನು ಮಾಡಬೇಕಾಯಿತು. 1520ರಲ್ಲಿ ಕ್ಯಾಸ್ಟೀಲಿನ ಊರುಗಳು ದೊರೆಯ ವಿರುದ್ಧ ದಂಗೆಯೆದ್ದಾಗ ಸೆಗೋವಿಯಾದ ಉಣ್ಣೆ ಕೆಲಸಗಾರರು ಮುಂದೆ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು ಎಂದು ನನ್ನ ಅನಿಸಿಕೆ. ಅವರ ನಾಯಕ ಹ್ವಾನ್ ಬ್ರಾವೊನ ತಲೆ ಮರು ವರ್ಷದ ಏಪ್ರಿಲಿನಲ್ಲಿ ವಿಯ್ಯಲಾರ್‌ನಲ್ಲಿ ಉರುಳಿತು.

ಊರು ದಾಟಿ ಸುಮಾರು 10 ಕಿಲೋಮೀಟರು ಓಡಿದರೆ ತೊರ್ರೆಕಬಯೇರೋಸ್, ಅದರ ಪಕ್ಕದಲ್ಲೇ ಕಬನಿಯಾಸ್ ದೆಲ್ ಮೊಂತೆ ಎಂಬ ಪುಟ್ಟ ಹಳ್ಳಿ. ಏದುಸಿರು ಬಿಡುತ್ತ ಬಂದವರು ಇಲ್ಲಿ ನಿಲ್ಲಬೇಕು. ‘ಎಸ್ಕಿಲೇಓ’ ಎಂದು ಕರೆಯುವ, ಉಣ್ಣೆ ಕತ್ತರಿಸುವ ದೊಡ್ಡ ಮನೆಯೊಂದು ಇಲ್ಲಿ ಚೆನ್ನಾಗಿ ಉಳಿದುಕೊಂಡಿದೆ. 18ನೆಯ ಶತಮಾನದಲ್ಲಿ ಈ ಬೆಟ್ಟದ ಬುಡದಲ್ಲಿ ಇಂಥವು ಹಲವಾರಿದ್ದವು. ಚಳಿಗಾಲ ಕಳೆದು ಉತ್ತರಕ್ಕೆ ಬರುವ ಮಂದೆ ಮೇ ತಿಂಗಳ ಹೊತ್ತಿಗೆ ಇಲ್ಲಿಗೆ ಮುಟ್ಟುತ್ತಿತ್ತು. ಹಿಂದಿನ ರಾತ್ರಿ ಕುರಿಗಳನ್ನು ಒಂದು ಇಕ್ಕಟ್ಟಾದ ಕೋಣೆಗೆ ಒತ್ತಿ ತುಂಬುತ್ತಿದ್ದರು. ಮೈಗೆ ಮೈ ತಗಲಿ ಬೆವರಬೇಕು. ಬೆವರಿದರೆ ಉಣ್ಣೆ ಮೆದುವಾಗಿ ಕತ್ತರಿ ಸಲೀಸಾಗಿ ಓಡುತ್ತದೆ. ಬೆಳಗಾದ ಮೇಲೆ ಸಾಲಾಗಿ ಕುಳಿತ ಕತ್ತರಿಗಾರರ ಕೈಗೆ ಒಂದೊಂದೇ ಕುರಿ. ಚರ್ಮಕ್ಕೆ ಕತ್ತರಿ ತಾಗಿ ರಕ್ತ ಬಂದರೆ ‘ಮೊರೇನೊ’ ಎಂದು ಕೂಗು ಹಾಕುತ್ತಿದ್ದರು. ಆಗ ಇದ್ದಿಲ ಪುಡಿಯ ಪಾತ್ರೆ ಹಿಡಿದ ಹುಡುಗ ಓಡಿಬಂದು ಗಾಯಕ್ಕೆ ಮೆತ್ತಿ ಹೋಗುತ್ತಿದ್ದ. ಆ ಹುಡುಗನ ಕೆಲಸಕ್ಕೂ ಒಂದು ಹೆಸರಿತ್ತು, ಮೊರೆನೇರೊ. ಕೊನೆಗೆ ಬೋಳು ಮೈಯ ಮೇಲೆ ಒಡೆಯನ ಗುರುತನ್ನು ಕಾದ ರಾಳದಲ್ಲಿ ಒತ್ತಿ ಬೆಟ್ಟಕ್ಕೆ ಬಿಡುತ್ತಿದ್ದರು. ಈ ಒಂದು ಅಂಗಳದಲ್ಲಿ ಇಡೀ ದಿನ ಓಡಿದ ಆ ಇದ್ದಿಲ ಹುಡುಗನಿಗೆ ನಮ್ಮ ಓಟದ ಲೆಕ್ಕ ನಗು ತರಿಸಬಹುದು.

ಮುಂದೆ ಸೊತೊಸಾಲ್ಬೊಸ್. ಸೇಂಟ್ ಮೈಕೆಲ್‌ನ ಇಗರ್ಜಿ ರೋಮನೆಸ್ಕ್ ಶೈಲಿಯದು, ಪಕ್ಕಕ್ಕೆ ಕಮಾನುಗಳ ಜಗಲಿ. ಹೊರಗಿನ ಬಿಸಿಲಿಗೆ ಆ ಜಗಲಿಯ ತಂಪು ಹಿತ. ಹಳ್ಳಿಯ ಪಂಚಾಯಿತಿ ಸೇರುತ್ತಿದ್ದದ್ದು ಇಂಥ ಇಗರ್ಜಿ ಜಗಲಿಗಳಲ್ಲೇ. ಇನ್ನೂ ಕಾಲು ಗಟ್ಟಿಯಿರುವವರು ಕೋಟೆಗೋಡೆಯ ಪೆದ್ರಾಸಾದ ಕಡೆಗೆ ತಿರುಗುತ್ತಾರೆ. ಚೆಂದದ ಊರು, ಅದರ ವಿಷಯ ಪ್ರವಾಸಿ ಪುಸ್ತಕಗಳು ಸಾಕಷ್ಟು ಹೇಳಿವೆ.

ಮೆಸ್ತಾದ ಬಲವೆಲ್ಲ ಮೆರೀನೊ ಎಂಬ ತಳಿಯಲ್ಲಿತ್ತು. ಅದನ್ನು ಹೊರದೇಶಕ್ಕೆ ಕೊಡದೆ ಕಾಪಾಡಿಕೊಂಡ ಸ್ಪೇನು 1765ರಲ್ಲಿ ಸ್ಯಾಕ್ಸನಿಗೆ, 1786ರಲ್ಲಿ ಫ್ರಾನ್ಸಿನ ರಾಂಬೂಯೆಗೆ ರಾಜಸ್ನೇಹದಿಂದ ಕೊಟ್ಟಿತು. 1797ರಲ್ಲಿ ಅದು ಆಸ್ಟ್ರೇಲಿಯ ಮುಟ್ಟಿತು. ಅಲ್ಲಿಗೆ ಏಕಸ್ವಾಮ್ಯ ಮುಗಿಯಿತು. 1795ರಲ್ಲಿ ಹೊವೆಯಾನೋಸ್ ಎಂಬ ಚಿಂತಕ ಬೇಸಾಯದ ಕಾನೂನಿನ ಮೇಲೆ ಬರೆದ ವರದಿಯಲ್ಲಿ ಮೆಸ್ತಾದ ಹಕ್ಕುಗಳನ್ನು ಖಂಡಿಸಿದ. ಅವನ ಮಾತು ಸರಿಯೆಂದೇ ನಾನು ತಿಳಿದಿದ್ದೇನೆ. ರೈತ ತನ್ನ ಹೊಲಕ್ಕೆ ಬೇಲಿ ಹಾಕಲೂ ಕುರಿಯ ಒಡೆಯನ ಮರ್ಜಿ ಕಾಯಬೇಕಾದದ್ದು ನ್ಯಾಯವಲ್ಲ. ನೆಪೋಲಿಯನ್ನನ ಯುದ್ಧದಲ್ಲಿ ಹಿಂಡುಗಳು ಚದುರಿದವು. 1836ರಲ್ಲಿ ಮೆಸ್ತಾವೇ ರದ್ದಾಯಿತು. ಆಮೇಲೆ ರೈಲು ಬಂತು, ಕುರಿಗಳೂ ರೈಲು ಹತ್ತಿದವು. ದಾರಿಯಲ್ಲಿ ಹುಲ್ಲು ಮಾತ್ರ ಉಳಿಯಿತು. ಪಕ್ಕದ ಹೊಲದವನು ವರ್ಷಕ್ಕೊಂದು ಸಾಲು ಒಳಗೆ ಉತ್ತ. ಕೆಲವು ಕಡೆ ಹೆದ್ದಾರಿಯೇ ಕುರಿದಾರಿಯನ್ನು ನುಂಗಿತು.

ಪೂರ್ತಿ ನುಂಗದಂತೆ ತಡೆದದ್ದು 1995ರ ಮಾರ್ಚಿನ ಕಾನೂನು. ಕುರಿದಾರಿ ಸಾರ್ವಜನಿಕ ಸ್ವತ್ತು, ಮಾರುವಂತಿಲ್ಲ, ಜಪ್ತಿ ಮಾಡುವಂತಿಲ್ಲ, ಎಷ್ಟು ವರ್ಷ ಉತ್ತರೂ ಸ್ವಾಧೀನದ ಹಕ್ಕು ಹುಟ್ಟುವುದಿಲ್ಲ. ಮಂದೆಗೆ ಅಡ್ಡಿಯಾಗದಂತೆ ನಡೆಯುವುದು, ಕುದುರೆ ಸವಾರಿ, ಮೋಟಾರಿಲ್ಲದ ಸಂಚಾರ ಇವಕ್ಕೂ ಅದು ಅವಕಾಶ ಕೊಟ್ಟಿತು. ಡ್ಯೂಕುಗಳ ಕುರಿಗಾಗಿ ರೈತನಿಂದ ಕಸಿದುಕೊಂಡ ಅಗಲ ಇವತ್ತು ಕುರಿಯೂ ಇಲ್ಲದ, ಹೊಲವೂ ಇಲ್ಲದ ಓಟಗಾರನ ಪಾಲಿಗೆ ಬಂದಿದೆ. ಮ್ಯಾಡ್ರಿಡ್ಡಿನಲ್ಲಿ 1994ರಿಂದ ಅಕ್ಟೋಬರ್ ಹೊತ್ತಿಗೆ ಕುರಿಮಂದೆಯನ್ನು ನಗರದ ನಡುವೆ ನಡೆಸುವ ಹಬ್ಬವೂ ಶುರುವಾಯಿತು. 1418ರ ಒಪ್ಪಂದದಂತೆ ಸಾವಿರ ಕುರಿಗೆ 50 ಮರವೇದಿ ನಾಣ್ಯ ಸುಂಕ ಕೊಟ್ಟು ದಾಟುತ್ತಾರೆ. ನೋಡಲು ಗಮ್ಮತ್ತು.

ಅದೇ ಮ್ಯಾಡ್ರಿಡ್ಡಿನ ಆಗ್ನೇಯ ಅಂಚಿನಲ್ಲಿ ಇನ್ನೊಂದು ರಾಜ ಕುರಿದಾರಿ ಹಾಯುತ್ತದೆ. ಹೆಸರು ಗಲಿಯಾನಾ. ಕಳೆದ ಶತಮಾನದ ನಡುವಿನಲ್ಲಿ ದಕ್ಷಿಣದ ಹಳ್ಳಿಗಳಿಂದ ಕೂಲಿಗೆಂದು ಬಂದವರು ಖಾಲಿ ಬಿದ್ದ ಈ ದಾರಿಯಲ್ಲಿ ಕಾಯಿಪಲ್ಲೆ ಬೆಳೆದರು, ಆಯುಧ ಸಾಮಾನು ಇಡಲು ಗುಡಿಸಲು ಹಾಕಿದರು, ಗುಡಿಸಲು ಮನೆಯಾಯಿತು. ಆಮೇಲೆ ಜಿಪ್ಸಿಗಳು ಬಂದರು, ಮೊರಾಕ್ಕೊದವರು ಬಂದರು. ಸುಮಾರು 14 ಕಿಲೋಮೀಟರು ಉದ್ದಕ್ಕೆ, ಕುರಿದಾರಿಯ ಅಗಲಕ್ಕೆ, ಒಂದು ಊರೇ ಬೆಳೆಯಿತು, ಸಾವಿರಾರು ಜನ. ಸೆಗೋವಿಯಾದ ಹುಲ್ಲನ್ನು ಕಾಯುವ ನಿಯಮವೇ ಇಲ್ಲಿ ಅವರ ಮನೆಗಳನ್ನು ಅಕ್ರಮವೆನ್ನುತ್ತಿತ್ತು. ನನ್ನ ಬೆಳಗಿನ ಓಟಕ್ಕೆ ಅನುಕೂಲವಾದ ನಿಯಮ ಎಂದು ಅದನ್ನು ಹೊಗಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ. 2011ರಲ್ಲಿ ಮ್ಯಾಡ್ರಿಡ್ ಪ್ರಾಂತದ ಕಾನೂನೊಂದು ಈ ತುಂಡನ್ನು ಕುರಿದಾರಿಯ ಪಟ್ಟಿಯಿಂದ ತೆಗೆದುಹಾಕಿತು. ಮನೆಗಳ ಗತಿ ಏನೆಂಬುದನ್ನು ಅಧಿಕಾರಿಗಳೂ ನಿವಾಸಿಗಳೂ ಕೂತು ತೀರ್ಮಾನಿಸಲಿ ಎಂದಿತು. ತೀರ್ಮಾನ ಎಳೆಯುತ್ತಲೇ ಹೋಯಿತು. 2020ರ ಅಕ್ಟೋಬರಿನಲ್ಲಿ ಅದರ ದೊಡ್ಡ ಭಾಗಕ್ಕೆ ವಿದ್ಯುತ್ತು ನಿಂತಿತು. ಮೂರು ತಿಂಗಳಿಗೆ, 2021ರ ಜನವರಿಯಲ್ಲಿ, ಮ್ಯಾಡ್ರಿಡ್ ಹಲವು ದಶಕಗಳಲ್ಲಿ ಕಾಣದಷ್ಟು ಹಿಮ ಬಿತ್ತು. ಅಲ್ಲಿಯ ಮಕ್ಕಳು ಆ ಚಳಿಗಾಲವನ್ನು ಮೋಂಬತ್ತಿ, ಸೌದೆ, ಗ್ಯಾಸ್ ಒಲೆಗಳ ಹತ್ತಿರ ಕೂತು ಕಳೆದರು.