ಸಕ್ಕರೆ ಬಿಟ್ಟ ಸಂಸಾರಗಳು



ಅಂಗಡಿಯಲ್ಲಿ ಒಂದು ಪದಾರ್ಥವನ್ನು ಕೊಳ್ಳುವಾಗ ನಾವು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಬೆಲೆ ಎಷ್ಟು, ತೂಕ ಸರಿಯಾಗಿದೆಯೇ, ಕಲಬೆರಕೆಯಿಲ್ಲವಷ್ಟೆ ಎಂದು ವಿಚಾರಿಸಿ, ತೃಪ್ತಿಯಾದರೆ ಹಣ ಕೊಟ್ಟು ಮನೆಗೆ ಬರುತ್ತೇವೆ. ಆ ಪದಾರ್ಥವನ್ನು ಬೆಳೆದವರಾರು, ಅವರಿಗೆ ಸಂದ ಕೂಲಿ ಎಷ್ಟು, ಅವರು ಮನಸ್ಸಿನಿಂದ ದುಡಿದರೋ ಚಾವಟಿಯ ಭಯದಿಂದ ದುಡಿದರೋ ಎಂದು ಕೇಳುವ ವಾಡಿಕೆಯಿಲ್ಲ. ಕೇಳಿದರೂ ಅಂಗಡಿಯವನಿಗೆ ಉತ್ತರ ತಿಳಿದಿರುವುದು ಅಪರೂಪ. ಆದರೆ ಈ ಪ್ರಶ್ನೆಯನ್ನು ಲಕ್ಷಾಂತರ ಮಂದಿ ಒಮ್ಮೆಗೇ ಕೇಳಿದ ಕಾಲವೊಂದು ಚರಿತ್ರೆಯಲ್ಲಿದೆ. ದೇಶ ಇಂಗ್ಲೆಂಡು, ಪದಾರ್ಥ ಸಕ್ಕರೆ. ಆ ಕಥೆಯನ್ನು ಅದರ ಹಿರಿಮೆಯೊಂದಿಗೂ ಕೊರತೆಯೊಂದಿಗೂ ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಸಕ್ಕರೆಯೆಂಬ ಮಾತು ನಮ್ಮ 'ಶರ್ಕರಾ' ಶಬ್ದದಿಂದ ಬಂದುದು. ಇಂಗ್ಲಿಷರ 'ಷುಗರ್' ಕೂಡ ಅದೇ ಮೂಲದ್ದು. ಅರಬ್ಬರ ಮೂಲಕ ಅದು ಯೂರೋಪನ್ನು ಸೇರಿತು. ಬಹುಕಾಲ ಅದು ಅಲ್ಲಿ ಶ್ರೀಮಂತರ ಭೋಗವಸ್ತುವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಚಹಾ ಕುಡಿಯುವ ಅಭ್ಯಾಸ ಹಬ್ಬಿದಂತೆ ಸಾಮಾನ್ಯ ಸಂಸಾರಗಳಿಗೂ ಸಕ್ಕರೆ ಬೇಕಾಯಿತು. ಜಮೈಕ, ಬಾರ್ಬಡೋಸ್ ಮುಂತಾದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಇಂಗ್ಲಿಷರ ಕಬ್ಬಿನ ತೋಟಗಳಿದ್ದವು. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು ಮಾರಿದ ಗುಲಾಮರೇ ಅಲ್ಲಿಯ ದುಡಿಮೆಗಾರರು. ಕಟಾವಿನ ಕಾಲದಲ್ಲಿ ಗಾಣಗಳೂ ಕೊಪ್ಪರಿಗೆಗಳೂ ರಾತ್ರಿಯೆಲ್ಲ ನಡೆಯುತ್ತಿದ್ದವು. ನಿದ್ದೆಗೆಟ್ಟವನ ಕೈ ಗಾಣದ ಉರುಳೆಗಳ ನಡುವೆ ಸಿಕ್ಕಿದರೆ ತೋಳನ್ನು ಕಡಿದು ಪ್ರಾಣವನ್ನುಳಿಸುವುದಕ್ಕೆಂದು ಪಕ್ಕದಲ್ಲಿಯೇ ಕೊಡಲಿಯನ್ನಿಡುತ್ತಿದ್ದರು. ಲಂಡನ್ನಿನ ಚಹಾದ ಬಟ್ಟಲಿಗೂ ಆ ಕೊಡಲಿಗೂ ಇದ್ದ ದೂರ ನಾಲ್ಕು ಸಾವಿರ ಮೈಲಿಗೂ ಮಿಗಿಲಾದುದರಿಂದ ಬಟ್ಟಲನ್ನು ಹಿಡಿದವರಿಗೆ ಕೊಡಲಿ ಕಾಣುತ್ತಿರಲಿಲ್ಲ.

ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು 1787ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲಿ ಹೆಚ್ಚಿನವರು ಕ್ವೇಕರ್ ಪಂಥದವರು. ಥಾಮಸ್ ಕ್ಲಾರ್ಕ್‌ಸನ್ ಕುದುರೆಯೇರಿ ಊರೂರು ಸುತ್ತಿ ಸಾಕ್ಷ್ಯವನ್ನು ಸಂಗ್ರಹಿಸಿದನು. ವಿಲ್ಬರ್‌ಫೋರ್ಸನು ಪಾರ್ಲಿಮೆಂಟಿನಲ್ಲಿ ವಾದಿಸಿದನು. ಆದರೆ 1791ರ ಏಪ್ರಿಲಿನಲ್ಲಿ ಕಾಮನ್ಸ್ ಸಭೆಯು ಅವನ ಮಸೂದೆಯನ್ನು 163ಕ್ಕೆ 88 ಮತಗಳಿಂದ ತಳ್ಳಿಹಾಕಿತು. ಶಾಸನಸಭೆಯ ಬಾಗಿಲು ಮುಚ್ಚಿದ ಮೇಲೆ ಬೇರೊಂದು ಬಾಗಿಲನ್ನು ತೋರಿಸಿದವನು ವಿಲಿಯಂ ಫಾಕ್ಸ್ ಎಂಬ ಪುಸ್ತಕ ವ್ಯಾಪಾರಿ. ಅದೇ ವರ್ಷ ಅವನು ಅಚ್ಚುಹಾಕಿಸಿದ ಒಂದು ಕಿರುಹೊತ್ತಗೆಯ ವಾದ ಬಹಳ ಸರಳವಾದುದು. ತೋಟದ ಒಡೆಯನು ಗುಲಾಮನನ್ನು ಕೊಳ್ಳುವುದು ಸಕ್ಕರೆಗಾಗಿ. ಸಕ್ಕರೆಯನ್ನು ಬೆಳೆಯಿಸುವುದು ನಮಗಾಗಿ. ಆದುದರಿಂದ ಪಾಪದ ಮೊದಲ ಕೊಂಡಿ ನಮ್ಮ ಕೈಯಲ್ಲಿಯೇ ಇದೆ. ಅವನು ಲೆಕ್ಕವನ್ನೂ ಹಾಕಿ ತೋರಿಸಿದನು: ವಾರಕ್ಕೆ 5 ಪೌಂಡು ಸಕ್ಕರೆಯನ್ನೂ ತಕ್ಕಷ್ಟು ರಮ್ ಮದ್ಯವನ್ನೂ ಬಳಸುವ ಸಂಸಾರವೊಂದು 21 ತಿಂಗಳು ಅವನ್ನು ಬಿಟ್ಟರೆ ಒಬ್ಬ ಮನುಷ್ಯನು ದಾಸ್ಯದಿಂದಲೋ ಕೊಲೆಯಿಂದಲೋ ಉಳಿಯುತ್ತಾನೆ. ಲೆಕ್ಕದ ಖಚಿತತೆಯನ್ನು ಅರ್ಥಶಾಸ್ತ್ರಜ್ಞರು ಪ್ರಶ್ನಿಸಬಹುದು. ಆದರೆ ಮನೆಯ ಡಬ್ಬಿಗೂ ದೂರದ ತೋಟಕ್ಕೂ ಇರುವ ಸಂಬಂಧವನ್ನು ಅದಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಸಾಧ್ಯವಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಆ ಹೊತ್ತಗೆಯ ಸುಮಾರು 70,000 ಪ್ರತಿಗಳು ಹಂಚಿಹೋದುವು.

ಈ ಕರೆಗೆ ಓಗೊಟ್ಟವರಲ್ಲಿ ಹೆಂಗಸರೇ ಮುಂದು. ಅವರಿಗೆ ಮತದ ಹಕ್ಕಿರಲಿಲ್ಲ. ಗಂಡಸರಲ್ಲಿಯೂ ಬಹುಮಂದಿಗೆ ಇರಲಿಲ್ಲವೆನ್ನಿ. ಆದರೆ ಮನೆಗೆ ಯಾವ ಸಾಮಾನು ಬರಬೇಕೆಂಬ ತೀರ್ಮಾನ ಗೃಹಿಣಿಯದು. ಪಾರ್ಲಿಮೆಂಟಿನಲ್ಲಿ ಸ್ಥಾನವಿಲ್ಲದವರು ಅಡಿಗೆಮನೆಯಲ್ಲಿ ಶಾಸನ ಮಾಡಿದರು. ದೇಶದಲ್ಲಿ ಸಂಚರಿಸಿದ ಕ್ಲಾರ್ಕ್‌ಸನ್ನನು ಸಕ್ಕರೆ ಬಿಟ್ಟವರ ಸಂಖ್ಯೆಯನ್ನು 3 ಲಕ್ಷವೆಂದು ಅಂದಾಜು ಮಾಡಿದನು. 1792ರಲ್ಲಿ ಹೇವರಿಲ್ ಎಂಬ ಊರಿನ ಜೇಮ್ಸ್ ರೈಟ್ ಎಂಬ ಕ್ವೇಕರ್ ವರ್ತಕನು, ದಾಸ್ಯದ ಸೋಂಕಿಲ್ಲದ ಸಕ್ಕರೆ ದೊರೆಯುವವರೆಗೆ ತಾನು ಸಕ್ಕರೆಯನ್ನೇ ಮಾರುವುದಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಲಾಭವನ್ನು ಬಿಡುತ್ತೇನೆಂದು ಜಾಹೀರಾತು ಕೊಡುವ ವರ್ತಕರು ಯಾವ ಕಾಲದಲ್ಲಿಯೂ ವಿರಳ. ಪರಿಹಾಸ್ಯವೂ ಇಲ್ಲದಿರಲಿಲ್ಲ. ವ್ಯಂಗ್ಯಚಿತ್ರಕಾರ ಗಿಲ್ರೇ ರಾಜದಂಪತಿಗಳು ಸಕ್ಕರೆಯಿಲ್ಲದ ಚಹಾವನ್ನು ಸವಿಯುವಂತೆಯೂ ರಾಜಕುಮಾರಿಯರು ಮುಖ ಸಿಂಡರಿಸಿಕೊಂಡು ಕುಳಿತಿರುವಂತೆಯೂ ಚಿತ್ರಿಸಿದನು. ಚಳವಳಿಯು ದೊರೆಯ ಮೇಜಿನವರೆಗೆ ನಗೆಯ ವಸ್ತುವಾಯಿತೆಂದರೆ ಊರೆಲ್ಲ ಅದನ್ನು ಬಲ್ಲದೆಂದೇ ಅರ್ಥವಷ್ಟೆ.

ಇದರ ಫಲವೇನಾಯಿತು? 1792ರಲ್ಲಿ ಪಾರ್ಲಿಮೆಂಟಿಗೆ 519 ಮನವಿಪತ್ರಗಳು ಬಂದುವು. ಹಿಂದಿನ ವರ್ಷ ಮಸೂದೆಯನ್ನು ತಳ್ಳಿದ ಕಾಮನ್ಸ್ ಸಭೆ, ವ್ಯಾಪಾರವನ್ನು ಕ್ರಮಕ್ರಮವಾಗಿ ನಿಲ್ಲಿಸಬೇಕೆಂದು 230ಕ್ಕೆ 85 ಮತಗಳಿಂದ ನಿರ್ಣಯಿಸಿತು. ಆದರೆ ಪ್ರಭುಗಳ ಸಭೆ ಕಾಲಹರಣ ಮಾಡಿತು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಮೊದಲಾಗಿ ಸುಧಾರಣೆಯ ಮಾತೇ ರಾಜದ್ರೋಹದಂತೆ ಕಾಣತೊಡಗಿತು. ಗುಲಾಮರ ವ್ಯಾಪಾರ ನಿಷಿದ್ಧವಾದುದು 1807ರಲ್ಲಿ. ಆಗಲೂ ತೋಟಗಳಲ್ಲಿದ್ದ ಗುಲಾಮರು ಗುಲಾಮರಾಗಿಯೇ ಉಳಿದರು.

ಆದುದರಿಂದ 1820ರ ದಶಕದಲ್ಲಿ ಸಕ್ಕರೆಯ ವ್ರತ ಮತ್ತೆ ತಲೆಯೆತ್ತಿತು. ಲೆಸ್ಟರ್ ನಗರದ ಎಲಿಜಬೆತ್ ಹೇರಿಕ್ ಎಂಬಾಕೆ ಮನೆಮನೆಗೂ ದಿನಸಿ ಅಂಗಡಿಗಳಿಗೂ ಹೋಗಿ ವಾದಿಸಿದಳು. ಗಂಡಸರ ಸಂಘ 'ಕ್ರಮಕ್ರಮವಾಗಿ' ಎನ್ನುತ್ತಿದ್ದಾಗ, 1824ರಲ್ಲಿ ಆಕೆ 'ಈಗಲೇ' ಎಂದು ಬರೆದಳು. 1825ರಲ್ಲಿ ಬರ್ಮಿಂಗ್‌ಹ್ಯಾಮಿನ ಮಹಿಳೆಯರು ತಮ್ಮದೇ ಸಂಘವನ್ನು ಕಟ್ಟಿದರು. 1830ರಲ್ಲಿ ಮುಖ್ಯ ಸಂಘವೂ 'ಕ್ರಮಕ್ರಮವಾಗಿ' ಎಂಬ ಮಾತನ್ನು ಕೈಬಿಟ್ಟಿತು.

ಈ ಸಲ ಸಕ್ಕರೆಯನ್ನು ಬಿಡುವುದರ ಜೊತೆಗೆ ಬದಲಿ ಸಕ್ಕರೆಯನ್ನು ಕೊಳ್ಳುವ ಉಪದೇಶವೂ ಬಲವಾಗಿ ನಡೆಯಿತು. ಆ ಬದಲಿ ಸಕ್ಕರೆ ನಮ್ಮ ದೇಶದ್ದು. 'ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ' ಎಂಬರ್ಥದ ಬರಹವುಳ್ಳ ಪಿಂಗಾಣಿಯ ಬಟ್ಟಲುಗಳು ಬಂದುವು. ಅತಿಥಿ ಸಕ್ಕರೆಗೆ ಕೈ ಚಾಚಿದಾಗ ಮನೆಯವರ ಧರ್ಮಬುದ್ಧಿ ತಾನಾಗಿ ಕಾಣುತ್ತಿತ್ತು. ಈ ಸಕ್ಕರೆಗೆ 112 ಪೌಂಡು ತೂಕಕ್ಕೆ 10 ಷಿಲಿಂಗಿನಂತೆ ಹೆಚ್ಚು ಸುಂಕವಿತ್ತು. ಆ ಭೇದ ಹೋದುದು 1836ರಲ್ಲಿ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸುಂಕದ ಭೇದವನ್ನು ತೆಗೆಯಬೇಕೆಂದು ಹೋರಾಡಿದ ಪ್ರಮುಖರಲ್ಲಿ ಲಿವರ್‌ಪೂಲಿನ ಜೇಮ್ಸ್ ಕ್ರಾಪರ್ ಒಬ್ಬನು. ಅವನು ಗುಲಾಮಗಿರಿಯ ನಿಜವಾದ ವೈರಿ. ಜೊತೆಗೆ ಇಂಡಿಯದ ಸರಕಿನ ವ್ಯಾಪಾರಿಯೂ ಹೌದು. ಧರ್ಮವೂ ಲಾಭವೂ ಒಂದೇ ತಕ್ಕಡಿಯಲ್ಲಿ ಕುಳಿತಾಗ ಯಾವುದರ ತೂಕ ಎಷ್ಟೆಂದು ಹೇಳುವುದು ಕಷ್ಟ. ಇನ್ನು ಬಟ್ಟಲಿನ ಮೇಲಿನ ಮಾತು ಎಷ್ಟು ಸತ್ಯ? ಇಂಗ್ಲೆಂಡಿಗೆ ಹೋಗುತ್ತಿದ್ದ ಸಕ್ಕರೆ ಬಹುಮಟ್ಟಿಗೆ ಬಂಗಾಳ ಪ್ರಾಂತದ್ದು. ಅದನ್ನು ಬೆಳೆದ ರೈತನು ಗುಲಾಮನಲ್ಲವೆಂಬುದು ನಿಜ. ಆದರೆ ಮುಂಗಡ ಕೊಟ್ಟ ಸಾಹುಕಾರನ ಋಣದಲ್ಲಿ ಅವನು ಎಷ್ಟು ಸ್ವತಂತ್ರನೆಂದು ಬಟ್ಟಲು ಹೇಳುತ್ತಿರಲಿಲ್ಲ. ಇಂಡಿಯದಲ್ಲಿ ಗುಲಾಮಗಿರಿಯೇ ಇಲ್ಲವೆಂದು ಭಾವಿಸಿದವರಂತೂ ಪೂರ್ಣವಾಗಿ ತಪ್ಪಿದರು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಗೇಯುವ ಆಳುಗಳನ್ನು ಮಾರುವ, ಒತ್ತೆಯಿಡುವ, ಬಾಡಿಗೆಗೆ ಕೊಡುವ ಪದ್ಧತಿಯನ್ನು ವರ್ಣಿಸಿದ್ದಾನೆ. ಕನ್ನಡ ಕರಾವಳಿಯಲ್ಲಿಯೂ ಜಮೀನಿನ ಗುಲಾಮರನ್ನು ಕಂಡಿದ್ದಾನೆ. ಇಂಥ ಒಡೆತನವನ್ನು ಕಂಪೆನಿಯ ನ್ಯಾಯಸ್ಥಾನಗಳು ಮಾನ್ಯ ಮಾಡಕೂಡದೆಂಬ ಶಾಸನ ಬಂದುದು 1843ರಲ್ಲಿ. ಬಟ್ಟಲಿನ ಬರಹ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟುದು ಬಹಳವಿತ್ತು.

ಬ್ರಿಟಿಷ್ ವಸಾಹತುಗಳ ಗುಲಾಮಗಿರಿಯನ್ನು ತೊಡೆದುಹಾಕುವ ಶಾಸನ 1833ರಲ್ಲಿ ಬಂದಿತು. ಪೂರ್ಣ ಬಿಡುಗಡೆ ದೊರೆತುದು 1838ರ ಆಗಸ್ಟ್ 1ರಂದು. ಒಡೆಯರಿಗೆ ಪರಿಹಾರವಾಗಿ 2 ಕೋಟಿ ಪೌಂಡು ಸಂದಿತು; ಗುಲಾಮರಿಗೆ ಏನೂ ಸಲ್ಲಲಿಲ್ಲ. ಈ ಜಯವನ್ನು ಸಕ್ಕರೆ ಬಿಟ್ಟವರ ಖಾತೆಗೇ ಬರೆಯುವುದು ಅನ್ಯಾಯವಾದೀತು. 1831ರ ಕೊನೆಯಲ್ಲಿ ಜಮೈಕದ ಗುಲಾಮರು ಸ್ಯಾಮ್ಯುಯೆಲ್ ಷಾರ್ಪನ ನಾಯಕತ್ವದಲ್ಲಿ ಎದ್ದು, ನೂರಾರು ಮಂದಿ ಪ್ರಾಣ ತೆತ್ತರು. 1832ರಲ್ಲಿ ಪಾರ್ಲಿಮೆಂಟಿನ ಚುನಾವಣಾ ಕ್ರಮ ಬದಲಾಯಿತು. ಸಕ್ಕರೆಯ ವ್ರತ ಮಾಡಿದ ಕೆಲಸ ಬೇರೆ ಬಗೆಯದು: ದೂರದ ಅನ್ಯಾಯವನ್ನು ದಿನನಿತ್ಯದ ಊಟದ ಮೇಜಿಗೆ ತಂದಿಟ್ಟು, ಅದನ್ನು ಮರೆಯುವುದಕ್ಕೆ ಆಸ್ಪದ ಕೊಡಲಿಲ್ಲ.

ಮರೆತಾಗ ಏನಾಯಿತೆಂಬುದನ್ನೂ ಚರಿತ್ರೆ ಬರೆದಿಟ್ಟಿದೆ. 1846ರಲ್ಲಿ ಪಾರ್ಲಿಮೆಂಟು ಪರದೇಶಗಳ ಸಕ್ಕರೆಯ ಮೇಲಿನ ಹೆಚ್ಚಿನ ಸುಂಕವನ್ನು ಹಂತಹಂತವಾಗಿ ತೆಗೆಯಲು ಶಾಸನ ಮಾಡಿತು. ಕ್ಯೂಬ, ಬ್ರೆಜಿಲ್ ದೇಶಗಳ ಸಕ್ಕರೆ ಅಗ್ಗವಾಗಿ ಒಳಬಂದಿತು. ಅದನ್ನು ಬೆಳೆದವರು ಗುಲಾಮರು. ಬ್ರೆಜಿಲ್ಲಿನಲ್ಲಿ ಅವರಿಗೆ ಬಿಡುಗಡೆಯಾದುದು 1888ರಲ್ಲಿ, ಕ್ಯೂಬದಲ್ಲಿ 1886ರಲ್ಲಿ. ತನ್ನ ಗುಲಾಮರನ್ನು ಬಿಡಿಸಿದೆನೆಂದು ಹೆಮ್ಮೆಪಟ್ಟ ರಾಷ್ಟ್ರವೇ ಪರರ ಗುಲಾಮರ ಸಕ್ಕರೆಯನ್ನು ಸಂಕೋಚವಿಲ್ಲದೆ ಕೊಂಡಿತು. ಆಗ ಬಡವನ ಚಹಾಕ್ಕೂ ಸಿಹಿ ಸಿಕ್ಕಿತೆಂಬ ಸಮರ್ಥನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಒಬ್ಬ ಬಡವನ ಅಗ್ಗಕ್ಕೆ ಇನ್ನೊಬ್ಬ ಬಡವನು ಬೆಲೆ ತೆತ್ತನೆಂಬುದನ್ನೂ ಮುಚ್ಚುವಂತಿಲ್ಲ.

ನಮ್ಮ ಕಾಲದಲ್ಲಿ ಆ ಪಿಂಗಾಣಿ ಬಟ್ಟಲಿನ ಬರಹ ಪೊಟ್ಟಣಗಳ ಮೇಲಿನ ಮುದ್ರೆಯಾಗಿ ಮರಳಿದೆ. 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ನ್ಯಾಯವಾದ ಬೆಲೆ ಸಂದಿದೆಯೆಂದು ಸಾರುವ 'ಮ್ಯಾಕ್ಸ್ ಹಾವೆಲಾರ್' ಮುದ್ರೆ ಪ್ರಾರಂಭವಾಯಿತು. ಜಾವಾ ದ್ವೀಪದ ಕಾಫಿ ಬೆಳೆಗಾರರ ಸಂಕಟವನ್ನು ಬಯಲಿಗೆಳೆದ 1860ರ ಡಚ್ ಕಾದಂಬರಿಯ ಹೆಸರು ಅದು. ಇಂಥ ಮುದ್ರೆಗಳು ಈಗ ಅನೇಕ ಪದಾರ್ಥಗಳ ಮೇಲಿವೆ. ಅವುಗಳಿಗೆ ಬೆಲೆಯುಂಟು. ಆದರೆ ಮುದ್ರೆಯನ್ನು ಕಂಡೊಡನೆ ವಿಚಾರಣೆ ಮುಗಿಯಿತೆಂದು ತಿಳಿಯುವವನು 1825ರ ಅತಿಥಿಗಿಂತ ಮುಂದೆ ಬಂದಿಲ್ಲ. ಈ ಬೆಲೆಯಲ್ಲಿ ಬೆಳೆದವನಿಗೆ ಎಷ್ಟು ತಲಪುತ್ತದೆ, ಈ ಮಾತನ್ನು ಪರೀಕ್ಷಿಸಿದವರಾರು ಎಂದು ಮುದ್ರೆಯನ್ನೂ ಕೇಳಬೇಕು. ಕೊಳ್ಳುವವನೊಬ್ಬನ ಶಕ್ತಿ ಅಲ್ಪವೇ ಸರಿ; ಆದರೆ ಶಾಸನಸಭೆಗೆ ಕಾಲಿಡಲಾಗದಿದ್ದ ಹೆಂಗಸರು ಆ ಅಲ್ಪ ಶಕ್ತಿಯನ್ನೇ ಮೂವತ್ತು ನಲವತ್ತು ವರ್ಷಗಳ ಕಾಲ ಬಿಡದೆ ಹಿಡಿದರು. ಅವರಿಗೆ ದಣಿವಾದಾಗ ಹಳೆಯ ಅನ್ಯಾಯ ಬೇರೆ ಹಡಗಿನಲ್ಲಿ ಬಂದಿಳಿಯಿತು. ನಾಳೆ ತಾವು ದಿನಸಿಯ ಪಟ್ಟಿಯನ್ನು ಬರೆಯುವಾಗ, ಅದರಲ್ಲಿ ಒಂದೇ ಒಂದು ಪದಾರ್ಥವನ್ನು ಆರಿಸಿ ಅದು ಯಾರ ಕೈಯಿಂದ ಬಂದಿತೆಂದು ವಿಚಾರಿಸಿ ನೋಡಿರೆಂದು ಬೇಡಿ ವಿರಮಿಸುತ್ತೇನೆ.