ಬೆನ್ನ ಮೇಲಿನ ತೊಟ್ಟಿಲು

ಈ ಕಪ್ಪೆಯ ಹೆಸರು ಪೀಪಾ. ಹೆಸರು ಕೇಳಿ ನಿಮಗೆ ಪೀಪಾಯಿ ನೆನಪಾಗಬಹುದು, ಆದರೆ ಇದು ಲಾರಿ ಚಕ್ರಕ್ಕೆ ಸಿಕ್ಕಿದ ಪೀಪಾಯಿ! ಅಷ್ಟು ಚಪ್ಪಟೆ. ದಕ್ಷಿಣ ಅಮೆರಿಕದ ನಿಧಾನವಾಗಿ ಹರಿಯುವ ಹೊಳೆಗಳ ತಳದಲ್ಲಿ ಕೊಳೆತ ಎಲೆಯ ಹಾಗೆ ಬಿದ್ದುಕೊಂಡಿರುತ್ತದೆ. ಕಣ್ಣು ತೀರಾ ಚಿಕ್ಕದು. ನಾಲಿಗೆಯೇ ಇಲ್ಲ. ಮುಂಗಾಲಿನ ಬೆರಳ ತುದಿಗಳಲ್ಲಿ ನಕ್ಷತ್ರದಂಥ ಪುಟ್ಟ ಕವಲುಗಳಿವೆ, ಕೆಸರು ನೀರಿನಲ್ಲಿ ತಡಕಾಡಿ ಬೇಟೆ ಹುಡುಕಲು. ಮೀನು ಹತ್ತಿರ ಬಂದರೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಸುರಿನಾಮ್ ಟೋಡ್ ಅನ್ನುತ್ತಾರೆ. ಟೋಡ್ ಅಂದರೆ ನಮಗೆ ನೆಲಗಪ್ಪೆ, ಆದರೆ ಇದರ ಬದುಕೆಲ್ಲ ನೀರಿನಲ್ಲೇ.

ಇದು ಪ್ರಸಿದ್ಧವಾದದ್ದು ಮಾತ್ರ ತನ್ನ ಬೆನ್ನಿನಿಂದ. ಮರಿಗಳು ತಾಯಿಯ ಬೆನ್ನಿನ ಚರ್ಮದಿಂದ ಹೊರಬರುತ್ತವೆ! ಹಾಗಾದರೆ ಮೊಟ್ಟೆಗಳು ಅಲ್ಲಿಗೆ ಹೋದದ್ದು ಹೇಗೆ? ಈ ಒಂದು ಪ್ರಶ್ನೆಗೆ ಉತ್ತರ ಸಿಗಲು ಎರಡೂವರೆ ಶತಮಾನ ಹಿಡಿಯಿತು.

1699ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯಾನ್ ಎಂಬ ಚಿತ್ರಕಾರ್ತಿ ಕಿರಿಯ ಮಗಳೊಂದಿಗೆ ಹಡಗು ಹತ್ತಿ, ಡಚ್ಚರ ವಸಾಹತಾಗಿದ್ದ ಸುರಿನಾಮಿಗೆ ಹೋದಳು. ಆಗ ಆಕೆಗೆ 52 ವರ್ಷ. ಅಲ್ಲಿನ ತೋಟದ ಮಾಲೀಕರಿಗೆ ಕಬ್ಬು, ಸಕ್ಕರೆ ಬಿಟ್ಟು ಬೇರೇನೂ ಬೇಕಿರಲಿಲ್ಲ. ಹುಳ, ಚಿಟ್ಟೆ ಹುಡುಕುವ ಈ ಹೆಂಗಸನ್ನು ಕಂಡು ನಗುತ್ತಿದ್ದರಂತೆ. ಕಾಯಿಲೆ ಬಿದ್ದು 1701ರಲ್ಲಿ ವಾಪಸಾದ ಆಕೆ 1705ರಲ್ಲಿ ತನ್ನ ದೊಡ್ಡ ಚಿತ್ರಪುಸ್ತಕ ಪ್ರಕಟಿಸಿದಳು. ಅದರಲ್ಲಿ ಬೆನ್ನ ತುಂಬಾ ಮರಿ ಹೊತ್ತ ಪೀಪಾ ಕೂಡ ಇದೆ. ಅಲ್ಲಿನ ಗುಲಾಮರು ಇದನ್ನು ತಿನ್ನುತ್ತಿದ್ದರು ಎಂದೂ ಬರೆದಿದ್ದಾಳೆ. ಆದರೆ ಮೊಟ್ಟೆಯ ಪ್ರಶ್ನೆಗೆ ಆಕೆ ಕೊಟ್ಟ ವಿವರಣೆ: ಇದರ ಗರ್ಭಕೋಶವೇ ಬೆನ್ನಿನಲ್ಲಿದೆ!

1765ರಲ್ಲಿ, ಸುರಿನಾಮಿನಲ್ಲಿ ವೈದ್ಯನಾಗಿದ್ದ ಫಿಲಿಪ್ ಫೆರ್ಮಿನ್ ಇನ್ನೊಂದು ಕಥೆ ಬರೆದ. ಹೆಣ್ಣು ಮರಳಿನ ಮೇಲೆ ಮೊಟ್ಟೆ ಇಡುತ್ತದೆ, ಗಂಡು ಅದನ್ನು ಹಿಂಗಾಲಿನಿಂದ ಎತ್ತಿ ಹೆಣ್ಣಿನ ಬೆನ್ನಿಗೆ ಮೆತ್ತುತ್ತದೆ ಎಂದು. 1896ರಲ್ಲಿ ಲಂಡನ್ ಮೃಗಾಲಯದ ಬಾರ್ಟ್ಲೆಟ್ ಬರೆದದ್ದು ಮತ್ತೊಂದು: ಹೆಣ್ಣಿನ ಅಂಡನಾಳವೇ ಹೊರಗೆ ಚಾಚಿ, ಬೆನ್ನ ಮೇಲಕ್ಕೆ ಬಾಗಿ, ಮೊಟ್ಟೆಗಳನ್ನು ಸಾಲಾಗಿ ಇಡುತ್ತದಂತೆ.

ಕೊನೆಗೆ 1960ರಲ್ಲಿ ಚಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಜಾರ್ಜ್ ರ‍್ಯಾಬ್ ಮತ್ತು ಪತ್ನಿ ಮೇರಿ ರ‍್ಯಾಬ್, ಅಕ್ವೇರಿಯಮ್ಮಿನಲ್ಲಿ ಕಣ್ಣಾರೆ ಕಂಡದ್ದನ್ನು ಪ್ರಕಟಿಸಿದರು. ಅದು ಲಾಗ! ಗಂಡು ಹೆಣ್ಣನ್ನು ಹಿಂದಿನಿಂದ ಅಪ್ಪಿ ಹಿಡಿಯುತ್ತದೆ. ಜೋಡಿ ತಳದಿಂದ ಮೇಲಕ್ಕೆ ಈಜಿ, ನೀರಿನಲ್ಲೇ ಅಂಗಾತನಾಗುತ್ತದೆ. ಆ ಕ್ಷಣ ಹೆಣ್ಣು ಬಿಡುವ ಕೆಲವು ಮೊಟ್ಟೆಗಳು ಗಂಡಿನ ಹೊಟ್ಟೆಯ ಮೇಲೆ ಬೀಳುತ್ತವೆ. ಲಾಗ ಮುಗಿಸಿ ಇಬ್ಬರೂ ಮಗುಚಿಕೊಂಡು ಕೆಳಗಿಳಿಯುವಾಗ ಅವು ಹೆಣ್ಣಿನ ಬೆನ್ನಿಗೆ ಅಂಟಿಕೊಳ್ಳುತ್ತವೆ. ಹೀಗೆ ಮತ್ತೆ ಮತ್ತೆ, ಗಂಟೆಗಟ್ಟಲೆ.

ಮುಂದಿನದು ಚರ್ಮದ ಕೆಲಸ. ಬೆನ್ನಿನ ಚರ್ಮ ಊದಿಕೊಂಡು ಪ್ರತಿ ಮೊಟ್ಟೆಯ ಸುತ್ತ ಒಂದೊಂದು ಗೂಡು ಕಟ್ಟುತ್ತದೆ, ಜೇನಿನ ಹುಟ್ಟಿನ ಹಾಗೆ. ಗೊದಮೊಟ್ಟೆಯ ಹಂತವೆಲ್ಲ ಒಳಗೇ ಮುಗಿಯುತ್ತದೆ. ಮೂರು ನಾಲ್ಕು ತಿಂಗಳಾದ ಮೇಲೆ ಹೊರಬರುವುದು ಬಾಲವಿಲ್ಲದ, ಪೂರ್ತಿ ತಯಾರಾದ ಪುಟಾಣಿ ಕಪ್ಪೆಗಳು. ಆಮೇಲೆ ತಾಯಿ ಆ ಹಳೆಯ ಚರ್ಮವನ್ನೇ ಕಳಚಿಹಾಕುತ್ತದೆ.

ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ, ಮೊದಲಿನವರಿಗೆ ಇನ್‌ಪುಟ್ ಗೊತ್ತಿತ್ತು, ಔಟ್‌ಪುಟ್ ಕಂಡಿತ್ತು, ನಡುವಿನ ಪ್ರೋಗ್ರಾಂ ಕಾಣಲಿಲ್ಲ. ಆ ಖಾಲಿ ಜಾಗಕ್ಕೆ ಪ್ರತಿಯೊಬ್ಬರೂ ತಮಗೆ ಸರಿ ಅನ್ನಿಸಿದ್ದನ್ನು ತುಂಬಿದರು. ಆ ಮೂರು ವಿವರಣೆಗಳೂ ಇಂದು ಉಳಿದಿಲ್ಲ. ಉಳಿದಿರುವುದು ಮೇರಿಯಾನಳ ಚಿತ್ರ. ಯಾಕೆಂದರೆ ಅದರಲ್ಲಿ ಆಕೆ ಕಣ್ಣಿಗೆ ಕಂಡಷ್ಟನ್ನೇ ಬರೆದಿದ್ದಳು. ಸಕ್ಕರೆ ಬಿಟ್ಟು ಹುಳ ಹುಡುಕುತ್ತಾಳೆ ಎಂದು ನಕ್ಕ ಆ ಮಾಲೀಕರ ಹೆಸರುಗಳು ಈಗ ಯಾರಿಗೆ ನೆನಪಿವೆ ಹೇಳಿ?